ಅತ್ತೆಯ ಕತ್ತಿನ ಕೇಸು

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಅತಿ ಹೆಚ್ಚು ತಿರುಗುವ ವಸ್ತು ಯಾವುದು ಎಂದು ಯಾರಾದರೂ ನನ್ನನ್ನು ಕೇಳಬೇಕು! ಹಿಟ್ಟಿನ ಗಿರಣಿಯ ಕಲ್ಲು, ಬಸ್ಸಿನ ಚಕ್ರ, ಚುನಾವಣೆ ಕಾಲದ ಜೀಪು ಎಲ್ಲವನ್ನೂ ಪಕ್ಕಕ್ಕೆ ಸರಿಸಿ, ನಮ್ಮ ಸೋದರತ್ತೆಯ ಕತ್ತು ಎಂದು ಎದೆ ತಟ್ಟಿಕೊಂಡು ಹೇಳುತ್ತೇನೆ. ಅರವತ್ತೆರಡು ವರ್ಷ ಆ ಕತ್ತು ಒಂದು ಕಡೆ ನಿಂತಿದ್ದೇ ಇಲ್ಲ. ಒಂದು ಭಾನುವಾರ ನಿಂತಿತು. ನಿಂತ ಕತ್ತು ನಮ್ಮನ್ನೆಲ್ಲ ಎಲ್ಲೆಲ್ಲಿ ಸುತ್ತಿಸಿತು ಎಂಬುದನ್ನು ಹೇಳುತ್ತೇನೆ, ಕೇಳಿ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಶೀಳನೆರೆಯ ಹತ್ತಿರದ ಹಳ್ಳಿಯಲ್ಲಿ ಮೂರು ಸೀಮೆಹಸು, ಒಂದಿಷ್ಟು ಜಮೀನು, ಮಾತೇ ಆಡದ ಒಬ್ಬ ಗಂಡ, ಇಷ್ಟು ಅವಳ ಸಂಸಾರ. ಮಕ್ಕಳಿಲ್ಲ. ನನ್ನ ಮಾವ ಮಾತು ಬಿಟ್ಟಿದ್ದು ಯಾವ ವ್ರತದಿಂದಲೂ ಅಲ್ಲ, ಅವಕಾಶ ಸಿಗದೆ. ಅತ್ತೆ ಕುಳಿತಲ್ಲಿ ಕೂರುವವಳಲ್ಲ. ಡೈರಿಗೆ ಹಾಲು ಹಾಕಲು ಹೋದರೆ ಬರುವಾಗ ನಾಲ್ಕು ಮನೆ ಹೊಕ್ಕು ಬರಬೇಕು. ಬಸ್ಸು ಹತ್ತಿದರೆ ಇಳಿಯುವಷ್ಟರಲ್ಲಿ ಮೂರು ಸೀಟು ಬದಲಾಗಿರಬೇಕು. ಹಿಂದೆ ಯಾರು ಹತ್ತಿದರು, ಮುಂದೆ ಯಾರು ಇಳಿದರು, ಪಕ್ಕದವಳ ಬ್ಯಾಗಿನಲ್ಲಿ ಏನಿದೆ, ಎಲ್ಲ ತಿಳಿಯಬೇಕು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಹದಿನಾಲ್ಕು ಫೋಟೋದಲ್ಲಿ ಅತ್ತೆ ಇದ್ದಾಳೆ. ಹದಿನಾಲ್ಕರಲ್ಲೂ ತುರುಬು ಮಾತ್ರ! "ಅಮ್ಮಾ, ಈ ಕಡೆ ನೋಡಿ, ಅಮ್ಮಾ, ಈ ಕಡೆ" ಎಂದು ಕೂಗಿ ಕೂಗಿ ಫೋಟೋದವನ ಗಂಟಲು ಹೋಗಿತ್ತು.

ಇನ್ನು ನನ್ನ ವಿಷಯ. ನನ್ನ ಮನೆ ಶ್ರೀರಂಗಪಟ್ಟಣ, ಕೆಲಸ ನಾಗಮಂಗಲ ತಾಲ್ಲೂಕು ದೇವಲಾಪುರದ ಕಡೆಯ ಒಂದು ಶಾಲೆಯಲ್ಲಿ. ಬಸ್ಸು ಬದಲಾಯಿಸಿ ಬದಲಾಯಿಸಿ ಸಾಕಾಗಿ, ಸಾಲ ಮಾಡಿ ಹಳೆಯ ಕಾರೊಂದನ್ನು ಕೊಂಡೆ, ಓಡಿಸುವುದನ್ನೂ ಕಲಿತೆ. ಲೈಸೆನ್ಸು ಬಂತು. ಆದರೆ ಜೊತೆಗೆ ಕೂರುವವರು ಬರಲಿಲ್ಲ! ನಮ್ಮ ಮನೆಯವರಂತೂ ನಾನು ಬೀಗದಕೈ ಎತ್ತಿಕೊಂಡ ಕೂಡಲೇ "ನಡೆಯೋದು ಆರೋಗ್ಯಕ್ಕೆ ಒಳ್ಳೇದು" ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನಮ್ಮ ಮೈದುನ ಒಂದು ಹೆಜ್ಜೆ ಮುಂದೆ ಹೋಗಿ, ನಾನು ಗೇಟಿನಿಂದ ಕಾರು ತೆಗೆಯುವಾಗಲೆಲ್ಲ ಬೀದಿಯಲ್ಲಿ ಆಡುವ ಮಕ್ಕಳನ್ನು ಒಳಕ್ಕೆ ಕರೆಯುತ್ತಿದ್ದ.

ಆ ಭಾನುವಾರದ ಹಿಂದಿನ ದಿನ ಅಮಾವಾಸ್ಯೆ. ಸಂಗಮದಲ್ಲಿ ಸ್ನಾನ ಮಾಡಲು ಬಂದಿದ್ದ ಅತ್ತೆ ನಮ್ಮ ಮನೆಯಲ್ಲೇ ಉಳಿದಿದ್ದಳು. ಬೆಳಿಗ್ಗೆ ರೊಟ್ಟಿ ತಿಂದು ಕೈ ತೊಳೆಯುತ್ತಾ ಅಂದಳು:

"ಬಸ್ಸು ಯಾಕೆ ಕೂಸೇ? ನಿನ್ ಕಾರ್ನಲ್ಲೇ ಬುಟ್ಬುಟ್ ಬಾ."

ಮನೆಯವರು ಕಾಫಿ ಲೋಟ ಕೆಳಗಿಟ್ಟರು. "ಅತ್ತೆ, ಅವಳಿನ್ನೂ ಹೊಸಬಳು..."

"ಒಸಬ್ಳಾದ್ರೆ ಹಳಬ್ಳಾಗೋದು ಎಂಗೆ? ಯಾರಾರ ಕುಂತ್ಕೊಂಡ್ರೆ ತಾನೇ?"

ಹೀಗೆ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತ ಮೊದಲ ನೆಂಟಳು ಅತ್ತೆ. ಕುಳಿತಳು ಎನ್ನುವುದು ಬಾಯಿಮಾತು. ಬೆಲ್ಟು ಹಾಕಿದರೆ "ಎಮ್ಮೆಗೆ ಕಣ್ಣಿ ಆಕ್ದಂಗೆ ಆಕ್ಬುಟ್ಟೆ" ಎಂದು ಒದ್ದಾಡಿದಳು. ಪಾಂಡವಪುರ ದಾಟುವಷ್ಟರಲ್ಲಿ ಕಿಟಕಿ ಇಳಿಸಿ ಇಬ್ಬರನ್ನು ಮಾತಾಡಿಸಿದಳು. ಅವರಲ್ಲಿ ಒಬ್ಬರು ಅವಳಿಗೆ ಪರಿಚಯವೇ ಇರಲಿಲ್ಲ!

ಚಿನಕುರಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು. ಎಡಗಡೆಯ ಗದ್ದೆಯಿಂದ ಕುರಿಮಂದೆಯೊಂದು ರಸ್ತೆಗೆ ಬಂತು. ನಾನು ಬ್ರೇಕು ಒತ್ತಿದೆ. ಜೋರಾಗಿ ಒತ್ತಿದೆನೋ ಮೆಲ್ಲಗೆ ಒತ್ತಿದೆನೋ, ದೇವರಿಗೇ ಗೊತ್ತು. ಕಾರು ನಿಂತಿತು. ಕುರಿಗಳು ಯಾರವು ಎಂದು ನೋಡಲು ಅತ್ತೆ ಕತ್ತು ತಿರುಗಿಸಿದಳು. ಅದೇ ಕ್ಷಣ ಹಿಂದಿನಿಂದ ಧಡ್! ಎಳನೀರು ತುಂಬಿದ ಗೂಡ್ಸ್ ಗಾಡಿಯೊಂದು ನಮ್ಮ ಕಾರಿನ ಬೆನ್ನಿಗೆ ಬಂದು ಗುದ್ದಿತ್ತು. ಅತ್ತೆಯ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂದದ್ದನ್ನು ನಾನು ಓರೆಗಣ್ಣಿನಲ್ಲಿ ಕಂಡೆ. ಆ ನೋಟ ಈಗಲೂ ನನ್ನನ್ನು ಬಿಟ್ಟಿಲ್ಲ.

ರಸ್ತೆ ತುಂಬ ಎಳನೀರು ಉರುಳಿದವು. ಊರವರು ಓಡಿ ಬಂದರು. ಅರ್ಧ ಜನ ನಮ್ಮ ಕಡೆಗೆ, ಇನ್ನರ್ಧ ಎಳನೀರಿನ ಕಡೆಗೆ! ಗಾಡಿ ಓಡಿಸುತ್ತಿದ್ದವನು ನಡುವಯಸ್ಸಿನ ಮನುಷ್ಯ. ಇಳಿದು ಬಂದು ಕೈ ಮುಗಿದ.

"ಅವ್ವಾ, ಫೋನ್ ಬಂದಿತ್ತು, ನೋಡ್ನಿಲ್ಲ. ತಪ್ಪಾಗೋಯ್ತು. ಪೆಟ್ಟಾಯ್ತಾ?"

"ನನ್ಗೇನಾಗಿಲ್ಲ ಕಣ್ಲಾ, ಈ ಕೂಸು ಬೆದರ್ಕೊಂಡದೆ. ಒಂದ್ ಎಳ್ನೀರ್ ಕೊಚ್ಚಿಕೊಡು" ಎಂದಳು ಅತ್ತೆ. ನನಗೆ ಒಂದು, ತನಗೆ ಒಂದು ಕೊಚ್ಚಿಸಿಕೊಂಡು, ಕುಡಿಯುತ್ತಲೇ ಕುರಿಗಳು ಯಾರವು ಎಂದೂ ವಿಚಾರಿಸಿದಳು. ಅಷ್ಟರಲ್ಲಿ ಯಾರೋ ಫೋನು ಮಾಡಿದ್ದರಿಂದ ಪೊಲೀಸರು ಬಂದರು. ಗಾಡಿಯವನು ಅವರ ಮುಂದೆ ಫೋನಿನ ಮಾತನ್ನೇ ಎತ್ತಲಿಲ್ಲ. "ಮುಂದಿನ ಕಾರು ಇದ್ದಕ್ಕಿದ್ದಂಗೆ ನಿಂತ್ಬುಡ್ತು" ಎಂದ.

ಮಾರನೆಯ ಬೆಳಿಗ್ಗೆ ಮಾವನಿಂದ ಫೋನು ಬಂತು. ಮಾವನಿಂದ! "ನಿಮ್ಮತ್ತೆ ಕತ್ತು ತಿರುಗ್ತಿಲ್ಲ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂಳೆ ನೆಟ್ಟಗಿದೆ, ಒಳಗಿನ ನರ-ಸ್ನಾಯುಗಳು ಎಳೆದುಕೊಂಡಿವೆ ಎಂದರು ಡಾಕ್ಟರು.

"ಬಾರುಕೋಲು ಬೀಸಿದಾಗ ಅದರ ತುದಿ ಹೇಗೆ ಒದರುತ್ತೆ ಅಜ್ಜಿ? ನಿಮ್ಮ ತಲೆ ಹಾಗೆ ಒದರಿದೆ."

"ಎತ್ತಿಗೆ ಒಡೆಯೋ ಬಾರ್ಕೋಲಾ? ಅಲ್ಲಾ ಡಾಕ್ಟ್ರೇ, ಎತ್ತಿಗೇ ಎಕ್ಸ್‌ರೇ ತಗೀನಿಲ್ಲ, ಬಾರ್ಕೋಲ್ಗೆ ತಗುದ್ರಾ?"

ಡಾಕ್ಟರು ನಕ್ಕು ಕತ್ತಿಗೊಂದು ದಪ್ಪ ಪಟ್ಟಿ ಕಟ್ಟಿದರು. ಆರು ವಾರ ತೆಗೆಯಬಾರದು, ತಲೆಯ ಮೇಲೆ ಭಾರ ಹೊರಬಾರದು ಎಂದರು. ಅತ್ತೆಯನ್ನು ಆರು ವಾರ ಕಟ್ಟಿಹಾಕುವುದು ಎಂದರೇನು, ಗಾಳಿಪಟಕ್ಕೆ ಗುಂಡುಕಲ್ಲು ಕಟ್ಟಿದ ಹಾಗಲ್ಲವೇ? ಆದರೆ ಅವಳು ಅದಕ್ಕೂ ಒಂದು ದಾರಿ ಕಂಡುಕೊಂಡಳು. ಕತ್ತು ತಿರುಗದಿದ್ದರೆ ಏನಾಯಿತು, ಇಡೀ ದೇಹವೇ ತಿರುಗಲಿ! ಯಾರಾದರೂ ಕರೆದರೆ ಕಾಲಿನಿಂದ ತಲೆಯವರೆಗೆ ಒಟ್ಟಿಗೆ ತಿರುಗಿ ನಿಲ್ಲುತ್ತಿದ್ದಳು. ಅದನ್ನು ನೋಡಿ ಮಾವ ನನಗೆ ಗುಟ್ಟಾಗಿ ಹೇಳಿದ ಮಾತು ಇದು: "ಮದ್ವೆಯಾಗಿ ನಲವತ್ತ್ ವರ್ಸಕ್ಕೆ ಈಗ್ಲೇ ಕಣವ್ವ ನನ್ ಕಡೀಕ್ ಪೂರ್ತಿ ತಿರಿಕ್ಕೊಂಡು ಮಾತಾಡ್ತಿರೋದು."

ಪಟ್ಟಿಯ ಒಳಗೆ ಬೆರಳು ತೂರುವಷ್ಟು ಜಾಗವಿತ್ತು. ಅದು ಎರಡೇ ದಿನದಲ್ಲಿ ಎಲೆಯಡಿಕೆ ಚೀಲವಾಯಿತು. ಮೂರನೆಯ ವಾರ ನಾನು ನೋಡಲು ಹೋದರೆ ಅತ್ತೆಯ ಕತ್ತು ಬೋಳು!

"ಪಟ್ಟಿ ಎಲ್ಲಿ ಅತ್ತೆ?"

"ಆಚೆಮನೆ ಲಕ್ಕಮ್ಮನ್ಗೆ ಕತ್ತು ಹಿಡ್ಕೊಂಡಿತ್ತು, ಕೊಟ್ಟಿವ್ನಿ. ಇವತ್ತು ನಂಗೆ, ನಾಳೀಕೆ ಅವ್ಳ್ಗೆ. ಸರದಿ ಮಾಡ್ಕೊಂಡಿವ್ನಿ."

ನಾನು ನಕ್ಕೆ. ಆದರೆ ಅವತ್ತೇ ನೋಡಿದೆ, ಮೇವಿನ ಹೊರೆಯನ್ನು ಮಾವ ಹೊತ್ತು ತರುತ್ತಿದ್ದರು. ಅತ್ತೆ ಹಿಂದೆ ಹಿಂದೆ ಬರಿಗೈಯಲ್ಲಿ ಬರುತ್ತಿದ್ದಳು. ಹಟ್ಟಿಯ ಹತ್ತಿರ ಬಂದಾಗ ಬಗ್ಗಿ ಹಗ್ಗ ಬಿಚ್ಚಲು ಹೋಗಿ, ಅರ್ಧಕ್ಕೆ ನಿಂತು, ಕಣ್ಣು ಮುಚ್ಚಿಕೊಂಡಳು. ಯಾರೂ ನೋಡಲಿಲ್ಲ ಎಂದುಕೊಂಡಿದ್ದಳು. ನಾನು ನೋಡಿದೆ.

ಊರಿಗೆ ಬಂದ ಮೇಲೆ ನನಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ರಿಪೇರಿಯಾಗಿ ಬಂದ ಕಾರನ್ನು ಮುಟ್ಟಲಿಲ್ಲ. ಮತ್ತೆ ಬಸ್ಸೇ ಹಿಡಿದೆ. ಬಸ್ಸಿನವನು ಬ್ರೇಕು ಹಾಕಿದರೂ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಜೋರಾಗಿ ಒತ್ತಿದೆನೇ? ಮೆಲ್ಲಗೆ ಒತ್ತಬಹುದಿತ್ತೇ? ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗಲೂ ಅದೇ ಯೋಚನೆ. ಮನೆಯಲ್ಲಿ ಯಾರೂ ಬೈಯಲಿಲ್ಲ, ಅದೇ ದೊಡ್ಡ ಕಷ್ಟ! "ಅವತ್ತೇ ಹೇಳಿದ್ದೆ" ಎಂದು ಬಾಯಲ್ಲಿ ಹೇಳದೆ, ಸಾಂಬಾರು ಬಡಿಸಿಕೊಳ್ಳುವ ರೀತಿಯಲ್ಲೇ ಹೇಳುತ್ತಿದ್ದರು. ನೆಂಟರಿಷ್ಟರ ಮನೆಗೆ ಹೋದರೆ, "ನಿಮ್ಮತ್ತೆ ಕತ್ತು ಮುರಿದಿದ್ದು ನೀನೇ ಅಲ್ವೇನೇ?" ಎಂದು ತಮಾಷೆ. ಒಂದು ನಾಮಕರಣದಲ್ಲಿ ಅತ್ತೆಯ ಎದುರಿಗೇ ಯಾರೋ ಹಾಗಂದರು. ಎಲ್ಲರೂ ನಕ್ಕರು. ಅತ್ತೆ ಮಾತ್ರ ಇಡೀ ದೇಹ ತಿರುಗಿಸಿ ಅವರನ್ನು ನೋಡಿದಳು.

ಅದಾದ ಒಂದು ವಾರಕ್ಕೆ ಫೋನು. "ಕೂಸೇ, ಕೇಸಾಕ್ತೀನಿ. ಲಾಯರ್ನ ನೋಡ್ಕೊಂಡ್ ಬಂದಿವ್ನಿ."

ಕೆ.ಆರ್. ಪೇಟೆಯ ಕೋರ್ಟಿನಲ್ಲಿ ಎಳನೀರು ಗಾಡಿಯ ವಿಮೆ ಕಂಪನಿಯ ಮೇಲೆ ಪರಿಹಾರದ ಅರ್ಜಿ ಬಿತ್ತು. ನಮ್ಮ ಕಡೆಯೆಲ್ಲ ಗುಸುಗುಸು. ಎಕ್ಸ್‌ರೇಯಲ್ಲೇ ಇಲ್ಲದ ನೋವಿಗೆ ಪರಿಹಾರವೇ? ಮುದುಕಿಗೆ ದುಡ್ಡಿನ ಆಸೆ ಹತ್ತಿದೆ! ನಿಜ ಹೇಳಬೇಕೆಂದರೆ, ಕೋರ್ಟಿನ ಆವರಣ ಅತ್ತೆಗೆ ಹೇಳಿ ಮಾಡಿಸಿದ ಜಾಗವಾಗಿತ್ತು. ಅಷ್ಟು ಜನ, ಅಷ್ಟು ಜಗಳ, ಎಲ್ಲ ಒಂದೇ ಕಡೆ! ವಾಯಿದೆಯ ದಿನ ಬೆಳಿಗ್ಗೆ ಎಂಟಕ್ಕೇ ಹೋಗಿ ಬಿಡುತ್ತಿದ್ದಳು. ನಮ್ಮ ಕೇಸು ಕರೆಯುವ ಹೊತ್ತಿಗೆ ಹುಡುಕಿದರೆ ಅವಳು ಇನ್ನೊಂದು ಕೋರ್ಟ್ ಹಾಲಿನಲ್ಲಿ ಅಣ್ಣತಮ್ಮಂದಿರ ಭಾಗದ ದಾವೆ ಕೇಳುತ್ತಾ, "ಬಾವಿ ಇರೋ ಕಡೆ ಕಿರಿಯೋನ್ಗೆ ಬುಟ್ಕೊಡಿ, ಅವ್ನ್ಗೆ ಮಕ್ಳವೆ" ಎಂದು ಯಾರದೋ ಕಕ್ಷಿದಾರರಿಗೆ ತೀರ್ಪು ಕೊಡುತ್ತಿರುತ್ತಿದ್ದಳು.

ಒಂದು ವಾಯಿದೆಗೆ ವಿಮೆ ಕಂಪನಿಯವರ ತಕರಾರು ಅರ್ಜಿ ಬಂತು. ನಮ್ಮ ವಕೀಲರು ಓದಿ ಹೇಳಿದರು: ಸದರಿ ಕಾರನ್ನು ಚಲಾಯಿಸುತ್ತಿದ್ದ ಮಹಿಳೆ ಅನುಭವವಿಲ್ಲದೆ, ಯಾವುದೇ ಸೂಚನೆ ಕೊಡದೆ, ಏಕಾಏಕಿ ಬ್ರೇಕು ಹಾಕಿದ್ದೇ ಅಪಘಾತಕ್ಕೆ ಕಾರಣ. ಅತ್ತೆ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದಳು.

ಆಮೇಲೆ ಒಂದು ದಿನ ಅತ್ತೆಯ ಹಟ್ಟಿಗೆ ಬೈಕಿನಲ್ಲಿ ನೀಲಿ ಅಂಗಿಯ ಒಬ್ಬ ಬಂದ. ಹಸು ಕೊಳ್ಳಬೇಕು ಎಂದ. ಅತ್ತೆ ಹಸುವಿನ ವಂಶಾವಳಿಯನ್ನೆಲ್ಲ ಹೇಳಿ, ಕೊಡುವುದಿಲ್ಲ ಎಂದಳು. ಅವನು ಹೋಗಲೊಲ್ಲ, ಅಲ್ಲೇ ಸುಳಿದಾಡಿದ. ಮಾವನಿಗೆ ಜ್ವರ, ಹಸುಗಳು ಅರಚುತ್ತಿವೆ. ಅತ್ತೆ ತಡೆಯಲಾರದೆ ಗದ್ದೆಗೆ ಹೋಗಿ ತಾನೇ ಒಂದು ಸಣ್ಣ ಹೊರೆ ಕಟ್ಟಿದಳು. ಹಿಂದೆಯೇ ಬಂದಿದ್ದ ಆ ಮನುಷ್ಯನಿಗೆ, "ಲೋ ಅಪ್ಪ, ಸುಮ್ಕೆ ನಿಂತಿದ್ದೀಯಲ್ಲ, ಒಸಿ ಎತ್ತು" ಎಂದಳು. ಅವನು ಹೊರೆ ಎತ್ತಿ ಅವಳ ತಲೆಯ ಮೇಲಿಟ್ಟ. ಆಮೇಲೆ ಹತ್ತು ಹೆಜ್ಜೆ ಓಡಿಹೋಗಿ, ಫೋನಿನಲ್ಲಿ ಫೋಟೋ ತೆಗೆದುಕೊಂಡ! ಅವನು ವಿಮೆ ಕಂಪನಿಯ ಕಡೆಯವನು ಎಂದು ನಮಗೆ ತಿಳಿದದ್ದು ಆ ಫೋಟೋ ಕೋರ್ಟಿಗೆ ಬಂದ ಮೇಲೆ.

ಅದಕ್ಕೂ ಮೊದಲು ಲೋಕ ಅದಾಲತ್ ಬಂತು. ರಾಜಿಗೆ ಕೂರಿಸಿದರು. ನಾನು ಹೊರಗೆ ಕಾಫಿ ತರಲು ಹೋಗಿದ್ದೆ. ಲೋಟ ಹಿಡಿದು ಬರುವಷ್ಟರಲ್ಲಿ ಅತ್ತೆ ದಡದಡ ಹೊರಗೆ ಬರುತ್ತಿದ್ದಾಳೆ, ವಕೀಲರು ಹಿಂದೆ ಹಿಂದೆ ಓಡುತ್ತಿದ್ದಾರೆ.

"ಒಳ್ಳೇ ಮೊತ್ತಕ್ಕೆ ಒಪ್ಪಿದ್ರು ಮೇಡಂ. ಇವರು ಬೇಡ ಅಂದುಬಿಟ್ರು!"

"ಯಾಕತ್ತೆ?"

"ಬ್ಯಾಡ ಅಂದ್ರೆ ಬ್ಯಾಡ. ತೀರ್ಪೇ ಆಗ್ಲಿ."

ನನಗೂ ಅವತ್ತು ರೇಗಿಹೋಯಿತು. ಎಷ್ಟು ದಿನ ರಜೆ ಹಾಕಲಿ? ಎಷ್ಟು ಸಲ ಆ ಅಪಘಾತದ ಮಾತನ್ನೇ ಕೇಳಲಿ? "ಎಷ್ಟು ಕೊಟ್ರೆ ಸಾಕು ಅತ್ತೆ ನಿಂಗೆ? ಜನ ಏನಂತಾರೆ ಗೊತ್ತಾ? ಮುದುಕಿಗೆ ದುರಾಸೆ ಅಂತಾರೆ!" ಎಂದು ಕಿಡಿಕಾರಿದೆ. ಅತ್ತೆ ನನ್ನ ಕೈಯಿಂದ ಕಾಫಿ ತೆಗೆದುಕೊಂಡಳು. "ಸಕ್ರೆ ಕಮ್ಮಿ ಆಗದೆ" ಎಂದಳು. ಅಷ್ಟೇ. ಬಸ್ಸಿನಲ್ಲಿ ನಾನು ಒಂದು ಸೀಟಿನಲ್ಲಿ ಕುಳಿತೆ, ಅವಳು ಇನ್ನೊಂದರಲ್ಲಿ. ಆ ದಿನ ಅವಳು ಸೀಟು ಬದಲಾಯಿಸಲಿಲ್ಲ.

ಸಾಕ್ಷಿಯ ದಿನ ಬಂತು. ಕಂಪನಿಯ ವಕೀಲರು ಗಂಟಲು ಸರಿಮಾಡಿಕೊಂಡು ಅತ್ತೆಯನ್ನು ಕೇಳಿದರು:

"ಅಪಘಾತವಾದ ಐದೇ ನಿಮಿಷಕ್ಕೆ ನೀವು ತಲೆ ಹಿಂದಕ್ಕೆ ಬಾಗಿಸಿ ಎಳನೀರು ಕುಡಿದದ್ದು ನಿಜವೇ?"

"ಕುಡುದ್ದು ದಿಟ. ಬಗ್ಗಿಸ್ನಿಲ್ಲ ಸ್ವಾಮಿ, ಕೊಳವೆ ಆಕೊಂಡ್ ಕುಡುದೆ."

ಆಮೇಲೆ ಫೋಟೋ ತೋರಿಸಿದರು. ತಲೆಯ ಮೇಲೆ ಹೊರೆ ಹೊತ್ತ ಅತ್ತೆ, ಮುಖ ನೆಟ್ಟಗೆ, ಎದುರಿಗೇ! ಜೀವನದಲ್ಲಿ ಮೊದಲ ಸಲ ಫೋಟೋದಲ್ಲಿ ಅವಳ ಮುಖ ಬಂದಿತ್ತು.

"ಇಷ್ಟು ಭಾರ ಹೊತ್ತಿದ್ದೀರಿ. ಕತ್ತು ನೋವು ಅನ್ನೋದು ಸುಳ್ಳಲ್ಲವೇ?"

"ಆ ಒರೆ ಎತ್ತಿ ನನ್ ತಲೆ ಮ್ಯಾಲೆ ಇಟ್ಟೋನು ಅಗೋ, ಕಂಬದ್ ತಾವ ನಿಂತವ್ನೆ. ಅವತ್ತೂ ಅದೇ ನೀಲಿ ಅಂಗಿ." ಕೋರ್ಟಿನಲ್ಲಿದ್ದವರೆಲ್ಲ ತಿರುಗಿದರು. "ಒತ್ಕೊಂಡಾಗ ಹಸುಗಳ್ ಮೊಕ ಕಾಣ್ತಿರ್ತದೆ, ನೋವು ಗೊತ್ತಾಗಾಕಿಲ್ಲ. ಇಳುಸ್ದ್ಮೇಲೆ ಗೊತ್ತಾಯ್ತದೆ ಸ್ವಾಮಿ. ಮೂರ್ ದಿನ ಮಲಗಿದ್ದೆ. ಅದ್ರ ಪಟ ತಗಿಯಾಕೆ ಇವ್ನು ಬರ್ನೇ ಇಲ್ವಲ್ಲ!"

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ನಗು ಮರೆಸಲು ಇರಬೇಕು.

ನನ್ನ ಸರದಿ ಬಂದಾಗ ನಗುವೆಲ್ಲ ಆರಿಹೋಯಿತು. ಕಟಕಟೆ ಹಿಡಿದು ನಿಂತೆ. ಕಂಪನಿಯ ವಕೀಲರು ಒಂದೇ ಪ್ರಶ್ನೆ ಕೇಳಿದರು, ಅಷ್ಟು ದಿನ ನನ್ನನ್ನು ತಿಂದ ಅದೇ ಪ್ರಶ್ನೆ. "ನೀವು ಬ್ರೇಕನ್ನು ಜೋರಾಗಿ ಒತ್ತಿದಿರಿ, ಅಲ್ಲವೇ?"

ಮೆಲ್ಲಗೆ ಒತ್ತಿದೆ ಎನ್ನಿ, ಎಂದು ನಮ್ಮ ವಕೀಲರು ಹೇಳಿಕೊಟ್ಟಿದ್ದರು. "ಗೊತ್ತಿಲ್ಲ ಸ್ವಾಮಿ. ಕುರಿ ಬಂದವು. ಒತ್ತಿದೆ" ಎಂದೆ. ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಹಿಂದಿನ ಬೆಂಚಿನಿಂದ ಅತ್ತೆ ಎದ್ದಳು. "ಇನ್ನೇನ್ ಸ್ವಾಮಿ, ಕುರಿ ಮ್ಯಾಲೆ ಓಡಿಸ್ಬೇಕಿತ್ತಾ?" ಎಂದಳು. "ಅಮ್ಮಾ, ಕೂತ್ಕೊಳ್ಳಿ" ಎಂದರು ನ್ಯಾಯಾಧೀಶರು. ಕುಳಿತಳು.

ಹೊರಗೆ ಬಂದು ನಾನು ಅತ್ತೆಯ ಕೈ ಹಿಡಿದುಕೊಂಡೆ. "ಕೆಡಿಸಿಬಿಟ್ಟೆ ಅತ್ತೆ."

"ಏನ್ ಕೆಡಿಸ್ದೆ? ಇದ್ದುದ್ನ ಹೇಳ್ದೆ. ಕುರಿ ಬದುಕವೆ ತಾನೇ? ನಡಿ."

ತೀರ್ಪು ಬರಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಆ ದಿನ ನಾನು ಶಾಲೆಯಿಂದ ನೇರವಾಗಿ ಪೇಟೆಗೆ ಹೋದೆ. ಅತ್ತೆ, ಮಾವ ಇಬ್ಬರೂ ಕೋರ್ಟಿನ ಮುಂದಿನ ಹೊಂಗೆಮರದ ಕೆಳಗೆ ನಿಂತಿದ್ದರು. ವಕೀಲರು ಕಾಗದದ ಕಟ್ಟು ಹಿಡಿದು ಬಂದರು. ಮುಖ ಅಷ್ಟೇನೂ ಅರಳಿರಲಿಲ್ಲ.

"ಗೆದ್ದಿದ್ದೀವಿ. ಆದರೆ ಅವತ್ತು ಅದಾಲತ್‌ನಲ್ಲಿ ಕೊಡ್ತೀವಿ ಅಂದಿದ್ದರ ಅರ್ಧವೂ ಬಂದಿಲ್ಲ. ನಾನು ಬಡ್ಕೊಂಡೆ, ನೀವು ಕೇಳಲಿಲ್ಲ."

"ಅದ್ಬುಡಿ. ನಾನ್ ಕೇಳಿದ್ದು ಬರ್ದವ್ರಾ?"

ವಕೀಲರು ನನ್ನ ಕಡೆ ತಿರುಗಿದರು. "ನೋಡಿ ಮೇಡಂ, ಅವತ್ತೂ ಇದೇ ಹಟ. ತಪ್ಪು ಯಾರದು ಅಂತ ಬರೆದುಕೊಡಿ, ನನ್ನ ತಮ್ಮನ ಮಗಳದ್ದು ತಪ್ಪಿಲ್ಲ ಅಂತ ಬರೆದುಕೊಡಿ ಅಂತ ಕೂತರು. ರಾಜಿಯಲ್ಲಿ ಅದೆಲ್ಲ ಬರೆಯೋದಿಲ್ಲಮ್ಮ ಅಂದೆ. ಎದ್ದು ಬಂದುಬಿಟ್ರು."

ಅತ್ತೆ ವಕೀಲರ ಕೈಯಿಂದ ಕಟ್ಟನ್ನು ಕಿತ್ತುಕೊಂಡು ನನ್ನ ಕೈಗೆ ಕೊಟ್ಟಳು. ಅವಳಿಗೆ ಓದು ಬರಹ ಬಾರದು. ವಕೀಲರು ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದರು. ಗಟ್ಟಿಯಾಗಿ ಓದಿದೆ:

'ಕುರಿಮಂದೆ ರಸ್ತೆಗೆ ಅಡ್ಡ ಬಂದಾಗ ಕಾರನ್ನು ನಿಲ್ಲಿಸಿರುವುದು ಜವಾಬ್ದಾರಿಯುತ ಚಾಲಕರು ಮಾಡಬೇಕಾದ ಕೆಲಸವೇ ಆಗಿದೆ. ಕಾರು ಚಲಾಯಿಸುತ್ತಿದ್ದ ಮಹಿಳೆಯ ಕಡೆಯಿಂದ ಯಾವ ನಿರ್ಲಕ್ಷ್ಯವೂ ಕಂಡುಬರುವುದಿಲ್ಲ.'

ಮಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಆ ಕಡೆ ನೋಡಿದರು.

"ಸರ್ಕಾರದ್ ಮುದ್ರೆ ಬಿದ್ದದಾ?" ಎಂದಳು ಅತ್ತೆ.

"ಬಿದ್ದಿದೆ."

"ಲಾಯರಪ್ಪ, ಇದ್ರದ್ ಮೂರ್ ಕಾಪಿ ತಗ್ಸು. ಒಂದ್ ಇವ್ಳ್ಗೆ. ಒಂದ್ ಇವ್ಳ್ ಗಂಡನ್ ಮನೇಗೆ. ಇನ್ನೊಂದ್ ನನ್ ತಾವ ಇರ್ಲಿ, ನಾಮಕರ್ಣ ಮದ್ವೆಗೆ ಓಗೋವಾಗ ಇಟ್ಕೊಂಡ್ ಓಯ್ತೀನಿ."

ನಾನು ನಗಬೇಕೋ ಅಳಬೇಕೋ ತಿಳಿಯದೆ ಅವಳ ಹೆಗಲು ಹಿಡಿದುಕೊಂಡೆ. ಹೆಗಲಿನಿಂದ ಕತ್ತಿನವರೆಗೆ ನರಗಳು ಹುರಿಗಟ್ಟಿದ ಹಗ್ಗದ ಹಾಗೆ ಬಿಗಿದಿದ್ದವು.

"ಅತ್ತೆ, ಕತ್ತು ಇನ್ನೂ ನೋಯ್ತದಾ?"

"ನೋಯ್ತದೆ ಕಣವ್ವ. ಅದು ಇರ್ಲಿ. ನೀನು ಇನ್ನೊಂದ್ ಸರ್ತಿ ಓದು."